ಹೂ ಬಿಡಿಸಿದವರು

ಕನ್ನಡದಲ್ಲಿ ‘ಹೂ ಬಿಡಿಸುವುದು’ ಅಂದರೆ ಎರಡು ಕೆಲಸ. ಬೆಳಗಿನ ಜಾವ ಬಳ್ಳಿಯಿಂದ ಮಲ್ಲಿಗೆ ಕಿತ್ತುಕೊಳ್ಳುವುದೂ ಹೂ ಬಿಡಿಸುವುದೇ, ಕಾಗದದ ಮೇಲೆ ಬಣ್ಣದಲ್ಲಿ ಬರೆಯುವುದೂ ಹೂ ಬಿಡಿಸುವುದೇ. ನಮ್ಮ ಮನೆಯಲ್ಲಿ ಎರಡೂ ನಡೆದಿವೆ. ಅಜ್ಜಿ ಯಲಹಂಕದಾಚೆಯ ತೋಟಗಳಲ್ಲಿ ಕೂಲಿಗೆ ಹೂ ಬಿಡಿಸುತ್ತಿದ್ದರು. ಅವರ ಹಿರಿಯ ಮಗ, ನನ್ನ ದೊಡ್ಡಪ್ಪ, ಯಶವಂತಪುರದಲ್ಲಿ ಲಾರಿಗಳ ಮೇಲೆ ಹೂ ಬಿಡಿಸುತ್ತಿದ್ದರು. ಹಿಂಬದಿಯ ಹಲಗೆಯ ಮೇಲೆ ಎರಡು ಕಡೆಗೂ ಒಂದೊಂದು ಗುಲಾಬಿ, ನಡುವೆ ಕಮಲ, ಮೇಲೆ ‘ಹಾರ್ನ್ ಪ್ಲೀಸ್’. ಮೂವತ್ತು ವರ್ಷ ಇದೇ ಕೆಲಸ. ಕೆಳಗಿನ ಮೂಲೆಯಲ್ಲಿ ಒಂದು ಸಹಿ ಇರುತ್ತಿತ್ತು, ಆದರೆ ಅದು ಅಂಗಡಿಯ ಹೆಸರು, ದೊಡ್ಡಪ್ಪನದಲ್ಲ. ವಿನೈಲ್ ಸ್ಟಿಕರ್ ಬಂದ ಮೇಲೆ ಕೆಲಸ ಕಡಿಮೆಯಾಗಿ, ಆಮೇಲೆ ಕೈ ನಡುಗಲು ಶುರುವಾಗಿ, ಈಗ ಆರ್.ಟಿ. ನಗರದ ಮಗಳ ಮನೆಯಲ್ಲಿದ್ದಾರೆ.

ಮೂರನೆಯ ತಲೆಮಾರಿನ ನಾನು ಹೂ ಬಿಡಿಸುವುದಿಲ್ಲ. ಬಿಡಿಸಿದವರ ಬಗ್ಗೆ ಪಿಎಚ್‌.ಡಿ. ಬರೆಯುತ್ತಿದ್ದೇನೆ. ಮೊದಲು ಆರಿಸಿಕೊಂಡ ವಿಷಯ ಫ್ರಾನ್ಸಿನ ಹೂವಿನ ಚಿತ್ರಗಳದ್ದು. ಎರಡು ವರ್ಷದ ಹಿಂದೆ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದೆ. ಹೋಲಿಕೆಗೆಂದು ಶಿವಮೊಗ್ಗದಲ್ಲಿ 1840ರ ದಶಕದಲ್ಲಿ ಬಿಡಿಸಿದ ಒಂದು ಗಿಡದ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಅದರ ಕೆಳಗೆ ‘ಕ್ಲೆಗಾರ್ನ್’ ಎಂದು ಬರೆದಿದ್ದೆ. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು, “ಕ್ಲೆಗಾರ್ನ್ ಅನ್ನೋರು ಪೇಂಟರಾ?” ಅಲ್ಲ. ಅವರು ಡಾಕ್ಟರು. ಚಿತ್ರ ಬಿಡಿಸಿಸಿದವರೇ ಹೊರತು ಬಿಡಿಸಿದವರಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಬರೆದಿದ್ದೆ, ಯಾಕೆಂದರೆ ಕೋಶಗಳಲ್ಲಿ ಆ ಸಂಗ್ರಹವನ್ನು ಹಾಗೇ ಕರೆಯುತ್ತಾರೆ. ಆ ಸಂಜೆ ಯಲಹಂಕದ ಬಸ್ಸಿನಲ್ಲಿ ಕೂತಾಗ ನೆನಪಾದದ್ದು ಲಾರಿಯ ಹಿಂಬದಿಯ ಆ ಅಂಗಡಿಯ ಹೆಸರು. ನನ್ನ ಸಂಶೋಧನೆ ದಾರಿ ಬದಲಿಸಿದ್ದು ಅಲ್ಲಿಂದ.

*

ಫ್ರಾನ್ಸಿನಿಂದಲೇ ಶುರು ಮಾಡುತ್ತೇನೆ. ನಮ್ಮ ಊರಿಗೂ ಅಲ್ಲಿನ ಹೂವಿಗೂ ಒಂದು ಹಳೆಯ ನಂಟಿದೆ.

1788ರ ಜೂನ್ ತಿಂಗಳಲ್ಲಿ ಟಿಪ್ಪು ಸುಲ್ತಾನ ಕಳಿಸಿದ ಮೂವರು ರಾಯಭಾರಿಗಳು ತೂಲಾಂ ಬಂದರಿನಲ್ಲಿ ಇಳಿದರು. ಮೊಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮೊಹಮ್ಮದ್ ಉಸ್ಮಾನ್ ಖಾನ್. ಪಾಂಡಿಚೇರಿಯಿಂದ ಹೊರಟು, ಮಾರಿಷಸ್ ಹಾಯ್ದು ಅಲ್ಲಿಗೆ ತಲುಪಲು ಸುಮಾರು ಒಂದು ವರ್ಷ ಹಿಡಿದಿತ್ತು. ಆಗಸ್ಟ್ 10ರಂದು ವರ್ಸೈ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರನ್ನು ಬರಮಾಡಿಕೊಂಡ. ಬಂದ ಉದ್ದೇಶ ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಕೇಳುವುದು. ಅದು ಸಿಗಲಿಲ್ಲ. ಖಜಾನೆ ಖಾಲಿಯಾಗಿದ್ದ ರಾಜನಿಗೆ ಕೊಡುವ ಶಕ್ತಿಯೂ ಇರಲಿಲ್ಲ, ಮುಂದಿನ ವರ್ಷವೇ ಅಲ್ಲಿ ಕ್ರಾಂತಿ. ಆದರೆ ಟಿಪ್ಪುವಿನ ಪಟ್ಟಿಯಲ್ಲಿ ಇನ್ನೂ ಕೆಲವು ಬೇಡಿಕೆಗಳಿದ್ದವು. ಕುಶಲಕರ್ಮಿಗಳು ಬೇಕು, ತೋಟಗಾರರು ಬೇಕು, ಬೀಜ ಬೇಕು, ಗಿಡ ಬೇಕು. ಇವು ಸಿಕ್ಕವು. ಪ್ಯಾರಿಸ್ಸಿನ ರಾಜೋದ್ಯಾನ, ‘ಜಾರ್ದಾಂ ದ್ಯು ರುವಾ’ದ ಮುಖ್ಯ ತೋಟಗಾರ ಆಂದ್ರೆ ತುವಾಂ ಮೈಸೂರಿಗೆ ಕಳಿಸಬೇಕಾದ ಗಿಡ, ಬೀಜಗಳನ್ನು ಹೊಂದಿಸಿಕೊಟ್ಟ. ತೋಪು ಕೇಳಿದವರಿಗೆ ಹೂಗಿಡ ಕೊಟ್ಟರು ಎಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹೈದರ್ 1760ರಲ್ಲಿ ಶುರು ಮಾಡಿದ ಲಾಲ್‌ಬಾಗನ್ನು ಬೆಳೆಸುತ್ತಿದ್ದವನು ಟಿಪ್ಪು. ಗಿಡಗಳ ವಿಷಯ ಅವನಿಗೆ ಶೋಕಿಯಾಗಿರಲಿಲ್ಲ.

ಆ ಬೇಸಿಗೆಯಲ್ಲಿ ಪ್ಯಾರಿಸ್ಸಿನಲ್ಲಿ ಹೂ ಬಿಡಿಸುತ್ತಿದ್ದವರು ಯಾರು ಯಾರು ಎಂದು ಒಮ್ಮೆ ಪಟ್ಟಿ ಮಾಡಿ ನೋಡಿದೆ. ಬೆರಗಾಯಿತು. ರಾಜೋದ್ಯಾನದಲ್ಲಿ 1780ರಿಂದ ಹೂಚಿತ್ರದ ಗುರುವಾಗಿದ್ದವನು ಗೆರಾರ್ಡ್ ವಾನ್ ಸ್ಪಾಂಡಾಂಕ್. ಹುಟ್ಟಿನಿಂದ ಡಚ್ಚನಾದರೂ ಕೆಲಸವೆಲ್ಲ ಫ್ರಾನ್ಸಿನದೇ. ಅವನ ಕೈಕೆಳಗೆ ಪಳಗಿ, ಇನ್ನೂ ಮೂವತ್ತು ತುಂಬಿರದ ಪಿಯೆರ್-ಜೋಸೆಫ್ ರೆದೂತೆ ಆಗಲೇ ಸಸ್ಯಶಾಸ್ತ್ರದ ಪುಸ್ತಕಗಳಿಗೆ ಚಿತ್ರ ಬಿಡಿಸುತ್ತಿದ್ದ. ಅತ್ತ ಲೂವ್ರ್ ಅರಮನೆಯಲ್ಲಿ ಕಲಾವಿದರಿಗೆಂದು ಕೊಡುತ್ತಿದ್ದ ವಸತಿಯಲ್ಲಿ ಆನ್ ವಲಾಯೆ-ಕೊಸ್ತೆ. ಅಕ್ಕಸಾಲಿಗನ ಮಗಳು. 1770ರಲ್ಲಿ, ಇಪ್ಪತ್ತೈದನೆಯ ವಯಸ್ಸಿಗೇ ರಾಜ ಅಕಾಡೆಮಿಗೆ ಆಯ್ಕೆಯಾದವಳು. ರಾಣಿ ಮಾರಿ ಆಂತ್ವಾನೆತ್ ಅವಳ ಪೋಷಕಿ.

ಈ ಆನ್ ಯಾಕೆ ಹೂವನ್ನೇ ಬಿಡಿಸಿದಳು ಎನ್ನುವುದಕ್ಕೆ ಹಿಂದಿನ ಒಂದು ಕಥೆ ಬೇಕು. 1667ರಲ್ಲಿ ಅಕಾಡೆಮಿಯಲ್ಲಿ ನಡೆದ ಉಪನ್ಯಾಸಗಳಿಗೆ ಮುನ್ನುಡಿ ಬರೆಯುತ್ತ ಆಂದ್ರೆ ಫೆಲಿಬಿಯಾಂ ಎನ್ನುವವನು ಚಿತ್ರಗಳಿಗೆ ಒಂದು ಶ್ರೇಣಿ ಕಟ್ಟಿಕೊಟ್ಟ. ಎಲ್ಲಕ್ಕಿಂತ ಮೇಲೆ ಇತಿಹಾಸ, ಪುರಾಣಗಳ ಚಿತ್ರ. ಆಮೇಲೆ ಮನುಷ್ಯರ ಭಾವಚಿತ್ರ. ಅದರ ಕೆಳಗೆ ಪ್ರಾಣಿ, ಪ್ರಕೃತಿ. ತೀರಾ ಕೆಳಗೆ ಹಣ್ಣು, ಹೂವು, ಚಿಪ್ಪು. ಕಾರಣ, ಇವಕ್ಕೆ ಜೀವವಿಲ್ಲ, ಚಲನೆಯಿಲ್ಲ. ಫ್ರೆಂಚರು ಕೊನೆಗೆ ಈ ಬಗೆಗೆ ಇಟ್ಟ ಹೆಸರು ‘ನಾತ್ಯುರ್ ಮೋರ್ತ್’, ಸತ್ತ ಪ್ರಕೃತಿ. ಡಚ್ಚರು ಅದನ್ನೇ ಅಲುಗದ ಬದುಕು ಎಂದು ಕರೆದರು. ಕನ್ನಡದಲ್ಲಿ ನಮಗೆ ಒಮ್ಮತವಿಲ್ಲ. ವಸ್ತುಚಿತ್ರ ಅನ್ನುತ್ತಾರೆ, ಸ್ಥಿರಚಿತ್ರ ಅನ್ನುತ್ತಾರೆ, ಸ್ತಬ್ಧಚಿತ್ರ ಅಂದರೆ ದಸರಾ ಮೆರವಣಿಗೆ ನೆನಪಾಗುತ್ತದೆ. ಡ್ರಾಯಿಂಗ್ ಪರೀಕ್ಷೆಗೆ ಕೂತವರೆಲ್ಲ ‘ಸ್ಟಿಲ್ ಲೈಫ್’ ಎಂದೇ ಹೇಳಿ ಮುಗಿಸುತ್ತಾರೆ. ನಾನು ವಸ್ತುಚಿತ್ರ ಎಂಬುದನ್ನೇ ಬಳಸುತ್ತಿದ್ದೇನೆ, ಅರೆಮನಸ್ಸಿನಿಂದ. ಬೆಳಿಗ್ಗೆ ಅರಳಿ ಸಂಜೆಗೆ ಬಾಗುವ ಹೂವನ್ನು ವಸ್ತು ಎನ್ನಲು ಬಾಯಿ ಬರುವುದಿಲ್ಲ.

ಶ್ರೇಣಿಯ ತುದಿಯಲ್ಲಿದ್ದ ಇತಿಹಾಸ ಚಿತ್ರ ಬಿಡಿಸಲು ಮನುಷ್ಯ ದೇಹದ ಅಭ್ಯಾಸ ಬೇಕು, ಅದಕ್ಕೆ ಬೆತ್ತಲೆ ರೂಪದರ್ಶಿಯ ಮುಂದೆ ಕೂರಬೇಕು. ಹೆಣ್ಣುಮಕ್ಕಳಿಗೆ ಆ ಕೋಣೆಗೆ ಪ್ರವೇಶವಿರಲಿಲ್ಲ. ಅಕಾಡೆಮಿಯಲ್ಲಿ ಒಂದು ಕಾಲಕ್ಕೆ ನಾಲ್ವರಿಗಿಂತ ಹೆಚ್ಚು ಮಹಿಳೆಯರು ಇರಬಾರದೆಂಬ ಕಟ್ಟಳೆ ಬೇರೆ. ಹೀಗಾಗಿ ಕೆಳಗಿನ ಮೆಟ್ಟಿಲು ಅವರ ಪಾಲಿಗೆ ಬಂತು. ವಲಾಯೆ-ಕೊಸ್ತೆ ಅದರ ಮೇಲೇ ನಿಂತು ಹೂವನ್ನು ಹೇಗೆ ಬಿಡಿಸಿದಳೆಂದರೆ, ಅವಳ ಚಿತ್ರಗಳ ಮುಂದೆ ಆ ಕಾಲದ ಅನೇಕ ಯುದ್ಧ, ಪಟ್ಟಾಭಿಷೇಕಗಳ ಚಿತ್ರಗಳು ಬರಿಯ ದೊಡ್ಡ ಬಟ್ಟೆಯಂತೆ ಕಾಣುತ್ತವೆ. ಇದು ನನ್ನ ಅಭಿಪ್ರಾಯ. ನನ್ನ ಮಾರ್ಗದರ್ಶಕರು ಇದನ್ನು ಪ್ರಬಂಧದಿಂದ ಹೊಡೆದು ಹಾಕಿದ್ದಾರೆ, ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಅದೇ ಅಕಾಡೆಮಿಯ ಇನ್ನೊಬ್ಬ ಮಹಿಳೆ ಎಲಿಜಬೆತ್ ವಿಜೆ ಲ ಬ್ರಾಂ ನಮ್ಮ ರಾಯಭಾರಿ ದರ್ವೇಶ್ ಖಾನರನ್ನು ನಿಲ್ಲಿಸಿಕೊಂಡು ಆಳೆತ್ತರದ ಭಾವಚಿತ್ರ ಬಿಡಿಸಿದಳು. ಕೈಯಲ್ಲಿ ಕತ್ತಿ, ಮೈಮೇಲೆ ಹೂವಿನ ಕಸೂತಿಯ ಬಿಳಿ ಮಸ್ಲಿನ್. 1789ರ ಸಲೋನ್ ಪ್ರದರ್ಶನದಲ್ಲಿ ಆ ಚಿತ್ರವಿತ್ತು. ಚಿತ್ರದಲ್ಲಿರುವವರ ಹೆಸರು ಗೊತ್ತು, ಬಿಡಿಸಿದವಳ ಹೆಸರು ಗೊತ್ತು. ಆ ಮಸ್ಲಿನ್ ಮೇಲಿನ ಹೂಗಳನ್ನು ನೇಯ್ದವರು, ಹೊಲಿದವರು ಯಾರು ಎಂದು ಕೇಳುವ ಚಟ ನನಗೆ ಹಿಡಿದದ್ದು ಆ ಬಸ್ ಪ್ರಯಾಣದ ಮೇಲೆ.

ರಾಯಭಾರಿಗಳು ಸೆವ್ರ್‌ನ ಪಿಂಗಾಣಿ ಕಾರ್ಖಾನೆಗೂ ಹೋಗಿದ್ದರು. ಅಲ್ಲಿನ ಪಿಂಗಾಣಿ ಅವರಿಗೆ ಉಡುಗೊರೆಯಾಗಿಯೂ ಬಂತು. ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಬಟ್ಟಲಿನ ಮೇಲೆ ಹೂ ಬಿಡಿಸಿದ ಪ್ರತಿ ಕೆಲಸಗಾರನೂ ತಳದಲ್ಲಿ ತನ್ನದೇ ಗುರುತು ಹಾಕಬೇಕು. ಒಂದು ಅಕ್ಷರವೋ, ಚುಕ್ಕಿಯೋ, ನಕ್ಷತ್ರವೋ. ಲೆಕ್ಕ ಬರೆಯುವ ಅನುಕೂಲಕ್ಕೆ ಮಾಡಿದ್ದು, ಗೌರವಕ್ಕಲ್ಲ. ಆದರೂ ಇವತ್ತು ಚಹಾ ಬಟ್ಟಲು ತಿರುಗಿಸಿ ನೋಡಿ, ಗುಲಾಬಿ ಬಿಡಿಸಿದವನ ಹೆಸರನ್ನು ಕೋಶದಲ್ಲಿ ಹುಡುಕಬಹುದು. ಲೆಕ್ಕಪತ್ರ ಚರಿತ್ರೆಗೆ ಮಾಡುವ ಉಪಕಾರವನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಸಾಮಾನ್ಯವಾಗಿ ಕಡೆಗಣಿಸುತ್ತೇವೆ.

*

ಚಿತ್ರಕ್ಕಾಗಿ ಬಿಡಿಸಿದ ಹೂವಿಗೂ ಸಸ್ಯಶಾಸ್ತ್ರಕ್ಕಾಗಿ ಬಿಡಿಸಿದ ಹೂವಿಗೂ ವ್ಯತ್ಯಾಸವಿದೆ. ವರ್ಸೈ ಅರಮನೆಯ ಅಲಂಕಾರದಲ್ಲಿ ಕೆಲಸ ಮಾಡಿದ ಜ್ಯಾಂ-ಬಾಪ್ತೀಸ್ತ್ ಮೊನ್ವಾಯೇ (1636–1699) ಬಿಡಿಸಿದಂಥ ಹೂದಾನಿಗಳನ್ನು ನೋಡಿ. ವಸಂತದ ಟ್ಯುಲಿಪ್, ಬೇಸಿಗೆಯ ಗುಲಾಬಿ ಎಲ್ಲ ಒಂದೇ ಹೂದಾನಿಯಲ್ಲಿ ಅರಳಿರುತ್ತವೆ. ಯಾವ ತೋಟದಲ್ಲೂ ಯಾವ ದಿನವೂ ಸಿಗದ ಗುಚ್ಛ ಅದು. ಒಂದೊಂದನ್ನೂ ಅದರದರ ಕಾಲದಲ್ಲಿ ಬಿಡಿಸಿಟ್ಟುಕೊಂಡು, ಆಮೇಲೆ ಜೋಡಿಸಿದ್ದು. ಸಸ್ಯಶಾಸ್ತ್ರದ ಚಿತ್ರದಲ್ಲಿ ಈ ಸ್ವಾತಂತ್ರ್ಯವಿಲ್ಲ. ಬಿಳಿಯ ಹಾಳೆ, ಒಂದೇ ಗಿಡ, ಹೂವು, ಕಾಯಿ, ಎಲೆಯ ಮೇಲ್ಮೈ, ಕೆಳಮೈ, ಕೆಳಗೆ ಸೀಳಿ ತೋರಿಸಿದ ಅಂಡಾಶಯ. ನೆರಳು ಬೀಳುವ ಮೇಜಿಲ್ಲ, ಉದುರಿದ ದಳವಿಲ್ಲ. ರೆದೂತೆಯ ದೊಡ್ಡತನ ಈ ಎರಡರ ನಡುವಿನ ಗೋಡೆಯನ್ನು ತೆಳುವಾಗಿಸಿದ್ದು. 1817ರಿಂದ 1824ರವರೆಗೆ ಹೊರಬಂದ ಅವನ ಗುಲಾಬಿ ಸಂಪುಟಗಳನ್ನು ವಿಜ್ಞಾನಿಯೂ ನಂಬಬಹುದು, ಗೋಡೆಗೂ ತೂಗುಹಾಕಬಹುದು. ಆ ಹಾಳೆಗಳ ಕೆಳಗೆ ಬಿಡಿಸಿದವನ ಹೆಸರಿದೆ, ತಾಮ್ರದ ತಗಡಿನ ಮೇಲೆ ಕೆತ್ತಿದವನ ಹೆಸರೂ ಇದೆ. ಬಣ್ಣದಲ್ಲಿ ಅಚ್ಚಾದ ಮೇಲೆ ಒಂದೊಂದನ್ನೂ ಕುಂಚ ಹಿಡಿದು ತಿದ್ದಿ ಮುಗಿಸಿದವರ ಹೆಸರು ಮಾತ್ರ ಇಲ್ಲ.

ಆ ಸಂಪುಟಗಳಲ್ಲಿ ಬೂರ್ಬೋಂ ದ್ವೀಪದ ಗುಲಾಬಿಗೂ ಒಂದು ಹಾಳೆ ಸಿಕ್ಕಿದೆ. ಇಂದಿನ ರೆಯುನಿಯನ್, ಮಾರಿಷಸ್ಸಿನ ನೆರೆಯ ದ್ವೀಪ. ಚೀನಾದ ಗುಲಾಬಿಯೂ ಡಮಾಸ್ಕಸ್ ಗುಲಾಬಿಯೂ ಅಲ್ಲಿ ಬೆರೆತು ಹುಟ್ಟಿದ ತಳಿ. ಇದೇ ಕುಲದ ಗಿಡವನ್ನು ನಮ್ಮ ಕಡೆ ಎಡ್ವರ್ಡ್ ಗುಲಾಬಿ ಎನ್ನುತ್ತಾರೆ, ಬಿಡಿಹೂವಾಗಿ, ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಅಜ್ಜಿಗೆ ರೆದೂತೆ ಗೊತ್ತಿರಲಿಲ್ಲ. ರೆದೂತೆ ಬಿಡಿಸಿದ ಹೂವಿನ ಬಳಗವನ್ನು ಅವರು ಮುಳ್ಳು ಚುಚ್ಚಿಸಿಕೊಂಡು ಬುಟ್ಟಿಗಟ್ಟಲೆ ಬಿಡಿಸಿದ್ದರು. ಹೆಬ್ಬಾಳದ ಹೂ ಹರಾಜು ಕೇಂದ್ರದಲ್ಲಿ ಈಗ ಕಾಣುವುದು ಬೇರೆಯೇ ಗುಲಾಬಿ. ಉದ್ದ ಕಾಂಡದ್ದು, ಸುವಾಸನೆ ಇಲ್ಲದ್ದು, ಡಚ್ ಮಾದರಿಯ ಗಡಿಯಾರದಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತ ಇರುವಾಗ ಮೊದಲು ಗುಂಡಿ ಒತ್ತಿದವರ ಪಾಲಾಗುವಂಥದ್ದು.

*

ಈಗ ಶಿವಮೊಗ್ಗ. ಹ್ಯೂ ಕ್ಲೆಗಾರ್ನ್ ಮದರಾಸಿನಲ್ಲೇ 1820ರಲ್ಲಿ ಹುಟ್ಟಿ, ಸ್ಕಾಟ್ಲೆಂಡಿನಲ್ಲಿ ವೈದ್ಯ ಓದಿ, 1842ರಲ್ಲಿ ಮರಳಿ ಬಂದವನು. 1845ರಿಂದ 1847ರವರೆಗೆ ಅವನಿಗೆ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಕೆಲಸ. ದಿನಕ್ಕೆ ಕಾಲು ಗಂಟೆಯಾದರೂ ಒಂದು ಗಿಡವನ್ನು ನೋಡಬೇಕು ಎಂಬುದು ಸಸ್ಯಶಾಸ್ತ್ರಜ್ಞ ವಿಲಿಯಂ ಹುಕರ್ ತರುಣರಿಗೆ ಕೊಟ್ಟಿದ್ದ ಸಲಹೆ. ಕ್ಲೆಗಾರ್ನ್ ಅದನ್ನು ವ್ರತದಂತೆ ಹಿಡಿದ. ಜೊತೆಗೆ ಒಬ್ಬ ಚಿತ್ರಕಾರನನ್ನು ಗೊತ್ತು ಮಾಡಿಕೊಂಡು, ನೋಡಿದ ಗಿಡಗಳನ್ನೆಲ್ಲ ಬಿಡಿಸಿಸತೊಡಗಿದ. ಆ ಚಿತ್ರಕಾರ ಮರಾಠಾ ಮೂಲದವನು ಎಂಬಷ್ಟು ದಾಖಲಾಗಿದೆ, ಹೆಸರು ಉಳಿದಿಲ್ಲ. ಮಲೆನಾಡಿನ ಬೇಲಿಯ ಬಳ್ಳಿ, ಗದ್ದೆ ಬದುವಿನ ಕಳೆ, ಕಾಡಿನ ಹೂವು ಯಾವುದನ್ನೂ ಅವನು ಹೀನ ಎಂದು ಬಿಡಲಿಲ್ಲ. ಮುಂದೆ ಮದರಾಸಿನಲ್ಲಿ ಬೇರೆ ಕಲಾವಿದರೂ ಕ್ಲೆಗಾರ್ನ್‌ಗಾಗಿ ಬಿಡಿಸಿದರು. ಎಲ್ಲ ಸೇರಿ ಸುಮಾರು 3000 ಚಿತ್ರಗಳು ಇವತ್ತು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿವೆ.

ಅದೇ ಎಡಿನ್‌ಬರೋದ ರಾಷ್ಟ್ರೀಯ ಗ್ಯಾಲರಿಯಲ್ಲಿ ಫ್ರಾನ್ಸಿನ ಒಂದು ಪುಟ್ಟ ಹೂಚಿತ್ರವಿದೆ. ಜ್ಯಾಂ-ಸಿಮೆಯೋಂ ಶಾರ್ದಾಂ ಬಿಡಿಸಿದ್ದು. ವಸ್ತುಚಿತ್ರದ ಮಹಾಗುರು ಎಂದು ಇವತ್ತು ಎಲ್ಲರೂ ಒಪ್ಪುವ ಶಾರ್ದಾಂ ತಾಮ್ರದ ಪಾತ್ರೆ, ಈರುಳ್ಳಿ, ಮೊಲ, ಬ್ರೆಡ್ಡು ಎಲ್ಲವನ್ನೂ ಬಿಡಿಸಿದ. ಆದರೆ ಅವನದೆಂದು ಉಳಿದಿರುವ ಹೂವಿನ ಚಿತ್ರ ಇದೊಂದೇ. ನೀಲಿ-ಬಿಳಿಯ ಡೆಲ್ಫ್ಟ್ ಹೂದಾನಿ, ಅದರಲ್ಲಿ ಒಂದು ಹಿಡಿ ಹೂವು, ಮೇಜಿನ ಮೇಲೆ ಉದುರಿದ ಎರಡು ಮೂರು ದಳ. ಒಂದೇ ಊರಿನಲ್ಲಿ, ಒಂದು ಕಟ್ಟಡದಲ್ಲಿ ಒಂದೇ ಹೂಚಿತ್ರ ಉಳಿದ ಹೆಸರಾಂತ ಕಲಾವಿದ. ಇನ್ನೊಂದು ಕಟ್ಟಡದಲ್ಲಿ ರಾಶಿ ಹೂಚಿತ್ರ ಉಳಿದೂ ಹೆಸರು ಉಳಿಯದ ನಮ್ಮ ಶಿವಮೊಗ್ಗದವನು. ಎರಡನ್ನೂ ನಾನು ನೋಡಿರುವುದು ಕಂಪ್ಯೂಟರಿನ ಪರದೆಯಲ್ಲಿ ಮಾತ್ರ. ಎಡಿನ್‌ಬರೋಗೆ ಹೋಗುವಷ್ಟು ಫೆಲೋಶಿಪ್ ಇನ್ನೂ ಬಂದಿಲ್ಲ.

ಹೆಸರು ಉಳಿಯುವುದು ಕೆಲವೊಮ್ಮೆ ಒಬ್ಬ ಯಜಮಾನನ ಗುಣದ ಮೇಲೂ ನಿಂತಿರುತ್ತದೆ. ಮದರಾಸು ಪ್ರಾಂತ್ಯದಲ್ಲಿ ರಾಬರ್ಟ್ ವೈಟ್ ಎಂಬ ಇನ್ನೊಬ್ಬ ವೈದ್ಯ-ಸಸ್ಯಶಾಸ್ತ್ರಜ್ಞನ ಬಳಿ ಮೊದಲು ರಂಗಯ್ಯ, ಆಮೇಲೆ ಗೋವಿಂದು ಎಂಬ ಕಲಾವಿದರಿದ್ದರು. ವೈಟ್ ಅಚ್ಚು ಹಾಕಿಸಿದ ಹಾಳೆಗಳ ಮೂಲೆಯಲ್ಲಿ ಅವರ ಹೆಸರುಗಳಿವೆ. ಅಷ್ಟೇ ಅಲ್ಲ, ಒಂದು ಆರ್ಕಿಡ್ ಗಿಡಕ್ಕೆ ಅವನು ‘ಗೋವಿಂದೂಯಾ’ ಎಂದು ಕುಲನಾಮ ಕೊಟ್ಟ. ಭಾರತೀಯ ಕಲಾವಿದನೊಬ್ಬನಿಗೆ ಗಿಡದ ಹೆಸರಿನಲ್ಲಿ ಸಿಕ್ಕ ಗೌರವ.

ಫ್ರಾನ್ಸಿನವರಿಗೂ ಇದು ಸಿಕ್ಕಿತ್ತು. ವಾನ್ ಸ್ಪಾಂಡಾಂಕ್ ಹೆಸರಿನಲ್ಲಿ ‘ಸ್ಪಾಂಡಾಂಸಿಯಾ’, ರೆದೂತೆ ಹೆಸರಿನಲ್ಲಿ ‘ರೆದೂತಿಯಾ’. ಮೂರನ್ನೂ ಸಸ್ಯನಾಮಗಳ ಕೋಶದಲ್ಲಿ ಹುಡುಕಿದ ರಾತ್ರಿ ನನಗೆ ನಗು ಬಂತು. ಸಸ್ಯಶಾಸ್ತ್ರದಲ್ಲಿ ಒಂದು ಕುಲಕ್ಕೆ ಮೊದಲು ಪ್ರಕಟವಾದ ಹೆಸರಿಗೇ ಮಾನ್ಯತೆ. ಆಮೇಲೆ ಇಟ್ಟದ್ದು ಬರಿಯ ಪರ್ಯಾಯವಾಗಿ ಅಡಿಟಿಪ್ಪಣಿಗೆ ಇಳಿಯುತ್ತದೆ. ಗೋವಿಂದೂಯಾ ಈಗ ಟ್ರೊಪಿಡಿಯಾದೊಳಗೆ ಸೇರಿಹೋಗಿದೆ. ಸ್ಪಾಂಡಾಂಸಿಯಾ ಕೇಡಿಯಾದೊಳಗೆ, ರೆದೂತಿಯಾ ಸಿಯೆನ್‌ಫ್ಯೂಗೋಸಿಯಾದೊಳಗೆ. ರಾಣಿಯರಿಗೆ ಹೂ ಬಿಡಿಸಿಕೊಟ್ಟವನೂ ಮದರಾಸಿನಲ್ಲಿ ಸಂಬಳಕ್ಕೆ ಬಿಡಿಸಿದವನೂ ಕಡೆಗೆ ಒಂದೇ ಬಗೆಯ ಅಡಿಟಿಪ್ಪಣಿಯಲ್ಲಿ ಕೂತಿದ್ದಾರೆ. ಆದರೆ ಈ ಸಮಾನತೆಯನ್ನು ಹೆಚ್ಚು ಎಳೆಯಬಾರದು. ರೆದೂತೆಯ ಬದುಕಿನ ಬಗ್ಗೆ ಪುಸ್ತಕಗಳ ಮೇಲೆ ಪುಸ್ತಕಗಳಿವೆ. ಗೋವಿಂದುವಿನ ಬದುಕಿನ ಬಗ್ಗೆ ಇರುವುದು ಮುಖ್ಯವಾಗಿ ಅವನ ಚಿತ್ರಗಳೇ. ಅವುಗಳನ್ನು ಹಾಳೆ ಹಾಳೆಯಾಗಿ ತೆರೆದು ರಂಗಯ್ಯ, ಗೋವಿಂದು ಎಂಬ ಹೆಸರುಗಳನ್ನು ಪುಸ್ತಕದ ಶೀರ್ಷಿಕೆಗೇ ತಂದವರು ಎಡಿನ್‌ಬರೋದ ಸಸ್ಯಶಾಸ್ತ್ರಜ್ಞ ಹೆನ್ರಿ ನೋಲ್ಟಿ, ಅದೂ 2007ರಲ್ಲಿ.

*

ಬೆಂಗಳೂರಿನಲ್ಲಿ ಹೆಸರು ಉಳಿಸಿಕೊಂಡವರು ಒಬ್ಬರಿದ್ದಾರೆ. ಚೆಲುವಯ್ಯ ರಾಜು.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. ಅದಕ್ಕೆ ಶಿಫಾರಸು ಮಾಡಿದವನು ಇದೇ ಕ್ಲೆಗಾರ್ನ್. 1874ರಲ್ಲಿ ಕ್ಯೂ ಉದ್ಯಾನದಿಂದ ಬಂದ ಜಾನ್ ಕ್ಯಾಮರನ್ 1908ರವರೆಗೆ ಅದನ್ನು ನೋಡಿಕೊಂಡ. ಗಾಜಿನ ಮನೆ ಬಂದದ್ದು ಅವನ ಕಾಲದಲ್ಲಿ, ಅದಕ್ಕೆ ಅಡಿಗಲ್ಲು ಬಿದ್ದದ್ದು 1889ರಲ್ಲಿ. ಸೀಮೆಬದನೆಯಿಂದ ಹಿಡಿದು ಎಷ್ಟೋ ತರಕಾರಿ, ಹಣ್ಣುಗಳು ಈ ಊರಿನ ಸುತ್ತ ನೆಲೆಯೂರಿದ್ದಕ್ಕೆ ಲಾಲ್‌ಬಾಗಿನ ಆ ಕಾಲದ ಪ್ರಯೋಗಗಳು ಕಾರಣ ಎನ್ನುತ್ತಾರೆ. ಆ ತೋಟದಲ್ಲಿ ಚಿತ್ರಕಾರನಾಗಿ ಕೆಲಸ ಮಾಡಿದವರು ಚೆಲುವಯ್ಯ ರಾಜು. ‘ರಾಜು’ ಎಂಬುದು ತಂಜಾವೂರು, ಮೈಸೂರು ಕಡೆಯ ಸಾಂಪ್ರದಾಯಿಕ ಚಿತ್ರಕಾರ ಮನೆತನಗಳಲ್ಲಿ ಬಳಕೆಯಲ್ಲಿದ್ದ ಹೆಸರು. ಚಿನ್ನದ ರೇಕು ಅಂಟಿಸಿ ಕೃಷ್ಣನನ್ನೋ ರಾಮ ಪಟ್ಟಾಭಿಷೇಕವನ್ನೋ ಬಿಡಿಸುತ್ತಿದ್ದ ಪರಂಪರೆ. ಆ ಹೆಸರಿನ ಒಬ್ಬರು ಲಾಲ್‌ಬಾಗಿನಲ್ಲಿ ಕೂತು ಜಲವರ್ಣದಲ್ಲಿ ಹೂವು, ಹಣ್ಣು, ತರಕಾರಿ, ಎಲೆಗಳನ್ನು ಒಂದೊಂದಾಗಿ ಬಿಡಿಸಿದರು. ನೂರಾರು ಹಾಳೆ. ಅವು ಲಾಲ್‌ಬಾಗಿನಲ್ಲಿಯೇ ಉಳಿದಿವೆ. ಎಡಿನ್‌ಬರೋಗೆ ಹೋಗಲಿಲ್ಲ, ಲಂಡನ್ನಿಗೆ ಹೋಗಲಿಲ್ಲ.

ಆ ಚಿತ್ರಗಳ ಪ್ರತಿಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬಿಳಿ ಹಿನ್ನೆಲೆಯ ನಿಯಮ ರೆದೂತೆಯ ಕಾಲದ್ದೇ. ಆದರೆ ಬಣ್ಣ ನಮ್ಮ ಬಿಸಿಲಿನದು. ಎಲೆಯ ಹಸಿರು ದಪ್ಪ, ಹಣ್ಣಿನ ಸಿಪ್ಪೆಗೆ ಎಣ್ಣೆ ಹಚ್ಚಿದ ಹೊಳಪು. ದೇವರ ಆಭರಣ ಬಿಡಿಸುವ ಪರಂಪರೆಯ ಕಣ್ಣಿಗೆ ಮಾತ್ರ ಒಂದು ಹಣ್ಣಿನ ಮೈಯ ಗಂಟುಗಳನ್ನು ಒಂದೂ ಬಿಡದೆ ಎಣಿಸುವ ತಾಳ್ಮೆ ಇರುತ್ತದೆ ಅಂತ ನನಗನ್ನಿಸುತ್ತದೆ. ಅಳತೆ ತಪ್ಪಿಲ್ಲ. ಹಾಗಿದ್ದೂ ಒಂದು ಹಟ ಇದೆ, ಇದು ಬರಿಯ ಮಾದರಿಯಲ್ಲ, ಈ ದಿನ ಈ ಗಿಡದಲ್ಲಿ ಬಿಟ್ಟ ಈ ಹಣ್ಣೇ ಎನ್ನುವ ಹಟ. ಶಾರ್ದಾಂನ ಈರುಳ್ಳಿಯ ಮುಂದೆ ನಿಂತವರು ಹೇಳುವುದೂ ಇದನ್ನೇ.

ಇಲ್ಲಿ ಒಂದು ಮಾತು. ನಮ್ಮಲ್ಲಿ ಇಂಥ ಚಿತ್ರಗಳನ್ನು ‘ಕಂಪನಿ ಶೈಲಿ’ ಎಂಬ ಒಂದೇ ಚೀಲಕ್ಕೆ ಹಾಕಿಬಿಡುತ್ತಾರೆ. ಚೆಲುವಯ್ಯ ರಾಜು ಕುಂಚ ಹಿಡಿದಾಗ ಕಂಪನಿ ಮುಗಿದೇ ಎಷ್ಟೋ ವರ್ಷವಾಗಿತ್ತು. ಅವರು ಮೈಸೂರು ಸಂಸ್ಥಾನದ ತೋಟದ ಕಲಾವಿದ. ಅದೇ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಏನಾಗುತ್ತಿತ್ತು ಎಂದು ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಬೇರೆಯಾಗುತ್ತದೆ. 1882ರಿಂದ 1883ರ ಆರಂಭದವರೆಗೆ, ನಡೆಯಲಾಗದೆ ಮನೆಯಲ್ಲಿ ಬಿದ್ದಿದ್ದ ಎದುವಾರ್ ಮಾನೆ, ಗೆಳೆಯರು ತಂದುಕೊಟ್ಟ ಹೂಗಳನ್ನು ಗಾಜಿನ ಲೋಟದಲ್ಲಿಟ್ಟು ಸಣ್ಣ ಸಣ್ಣ ಚಿತ್ರ ಬಿಡಿಸಿದ. ನೀರಿನೊಳಗೆ ಕಾಣುವ ಕಾಂಡಗಳನ್ನು ಬಿಡಿಸಲು ಅವನಿಗೆ ಹೂವಿನಷ್ಟೇ ಇಷ್ಟ. ಏಪ್ರಿಲಿನಲ್ಲಿ ಕಾಲು ಕತ್ತರಿಸಿದರು, 30ರಂದು ತೀರಿಕೊಂಡ. ಅವನ ಗೆಳೆಯ ಆಂರಿ ಫಾಂತಾಂ-ಲಾತೂರ್ (1836–1904) ಬದುಕಿನುದ್ದಕ್ಕೂ ಹೂ ಬಿಡಿಸಿಯೇ ಹೊಟ್ಟೆ ಹೊರೆದವನು. ಅವನ ಹೂಚಿತ್ರಗಳು ಹೆಚ್ಚಾಗಿ ಬಿಕರಿಯಾಗುತ್ತಿದ್ದುದು ಇಂಗ್ಲೆಂಡಿನಲ್ಲಿ, ಎಡ್ವರ್ಡ್ಸ್ ಎಂಬ ದಂಪತಿಗಳ ಮೂಲಕ. ಅವನಿಗೆ ಅದರ ಬಗ್ಗೆ ಹೆಮ್ಮೆಗಿಂತ ಬೇಸರವೇ ಹೆಚ್ಚು, ಮನಸ್ಸು ಇದ್ದದ್ದು ಸಂಗೀತ ಪ್ರೇರಿತ ಕಲ್ಪನಾ ಚಿತ್ರಗಳ ಮೇಲೆ. ಫೆಲಿಬಿಯಾಂನ ಶ್ರೇಣಿ ಇನ್ನೂರು ವರ್ಷ ಕಳೆದರೂ ಒಳಗೆ ಕೂತು ಕಾಡುತ್ತಿತ್ತು ಅಂತ ಕಾಣುತ್ತದೆ. ಅವನ ಹೆಂಡತಿ ವಿಕ್ತೋರಿಯಾ ದ್ಯುಬೂರ್ ಕೂಡ ಒಳ್ಳೆಯ ಹೂಚಿತ್ರಕಾರ್ತಿ. ಗಂಡ ತೀರಿಕೊಂಡ ಮೇಲೆ ಅವನ ಎಲ್ಲ ಕೃತಿಗಳ ಪಟ್ಟಿ ಸಿದ್ಧಪಡಿಸಿ 1911ರಲ್ಲಿ ಪ್ರಕಟಿಸಿದಳು. ಪಟ್ಟಿಯ ಮೇಲೆ ಅವಳ ಹೆಸರು ‘ಮದಾಂ ಫಾಂತಾಂ-ಲಾತೂರ್’.

*

ಕಳೆದ ತಿಂಗಳು ದೊಡ್ಡಪ್ಪನ ಮನೆಗೆ ಹೋದಾಗ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿದ್ದೆ. ಫಾಂತಾಂ-ಲಾತೂರನ ಗುಲಾಬಿಗಳನ್ನು ತೋರಿಸಿದೆ. ಯಾರದು, ಎಲ್ಲಿಯದು ಎಂದು ಅವರು ಕೇಳಲಿಲ್ಲ. ಕನ್ನಡಕ ಮೇಲೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು, “ಇವ್ನು ಹೂವು ಬಿಡ್ಸಿಲ್ಲ, ಸುತ್ತಲ ಕತ್ತಲು ಬಿಡ್ಸವ್ನೆ” ಅಂದರು. ಬಿಳಿ ದಳದ ಅಂಚಿಗೆ ಗೆರೆ ಎಳೆದಿಲ್ಲ, ಹಿನ್ನೆಲೆಯ ಕಂದು ಬಣ್ಣವನ್ನೇ ದಳದವರೆಗೆ ತಂದು ನಿಲ್ಲಿಸಿದ್ದಾನೆ ಎಂದು ಬೆರಳಿನಲ್ಲಿ ತೋರಿಸಿದರು. ನಾನು ನಾಲ್ಕು ಪುಟದಲ್ಲಿ ಹೇಳಲು ಹೆಣಗಿದ ಸಂಗತಿ ಇದು. ಲಾರಿಯ ಮೇಲೆ ಹಾಗೆ ಮಾಡಲು ಆಗುವುದಿಲ್ಲವಂತೆ, ದೂರದಿಂದ ಕಾಣಬೇಕು, ಅದಕ್ಕೆ ಕಪ್ಪು ಗೆರೆ ಬೇಕೇ ಬೇಕು.

ನಂತರ ಚೆಲುವಯ್ಯ ರಾಜು ಅವರ ಹಾಳೆಗಳು. ಇವನ್ನು ನೋಡಲು ಹೆಚ್ಚು ಹೊತ್ತು ತೆಗೆದುಕೊಂಡರು. ಹೂವನ್ನು ಮೊದಲು ಮುಗಿಸಿ ಎಲೆಯನ್ನು ಆಮೇಲೆ ಬಿಡಿಸಿರಬೇಕು ಅಂದರು. ಯಾಕೆ ಅಂದೆ. “ಹೂವು ಕಾಯಲ್ಲ ಕಣಪ್ಪ, ಎಲೆ ಕಾಯ್ತದೆ.” ಇದನ್ನು ಪ್ರಬಂಧದಲ್ಲಿ ಹೇಗೆ ಉಲ್ಲೇಖಿಸುವುದು ಎಂದು ಗೊತ್ತಾಗದೆ ಸದ್ಯಕ್ಕೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಕೊನೆಗೆ ಶಿವಮೊಗ್ಗದ ಚಿತ್ರ ತೆರೆದೆ. ಈಗ ಅದರ ಅಡಿಬರಹ ಬದಲಾಗಿದೆ: ‘ಮರಾಠಾ ಮೂಲದ ಕಲಾವಿದ, ಶಿವಮೊಗ್ಗ, 1845–47, ಕ್ಲೆಗಾರ್ನ್‌ಗಾಗಿ ಬಿಡಿಸಿದ್ದು.’ ಓದಿ ಹೇಳಿದೆ. ಹೆಸರು ಕೇಳಿದರು. ಇಲ್ಲ ಅಂದೆ. “ಬರ್ದಿಲ್ವಾ, ಅಳಿಸಿಹೋಯ್ತಾ?” ಎರಡಕ್ಕೂ ವ್ಯತ್ಯಾಸವಿದೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ನೋಡಿ ಹೇಳುತ್ತೇನೆ ಅಂದೆ.

ವಾಪಸ್ಸು ಬರುವಾಗ ನೇರ ಬಸ್ಸು ಹಿಡಿಯದೆ ರಾಜಾಜಿನಗರದ ಕಡೆಯಿಂದ ಬಳಸಿಕೊಂಡು ಬಂದೆ. ಅಲ್ಲಿ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳನ್ನಿಟ್ಟಿರುವ ರುಮಾಲೆ ಹೌಸ್ ಇದೆ. ನಮ್ಮ ದೊಡ್ಡಬಳ್ಳಾಪುರದವರು. ಸ್ವಾತಂತ್ರ್ಯ ಚಳವಳಿ, ರಾಜಕಾರಣ, ‘ತಾಯಿನಾಡು’ ಪತ್ರಿಕೆ ಎಂದು ಬಹಳ ವರ್ಷ ಕುಂಚ ಕೆಳಗಿಟ್ಟಿದ್ದು, ಐವತ್ತು ದಾಟಿದ ಮೇಲೆ ಮತ್ತೆ ಹಿಡಿದವರು. ಅವರಿಗೆ ಹೂದಾನಿ ಸಾಲಲಿಲ್ಲ. ಜಕರಂದ, ಟಬೂಬಿಯಾ, ಗುಲ್‌ಮೊಹರ್ ಅರಳಿದ ಬೆಂಗಳೂರಿನ ಬೀದಿಗಳಲ್ಲೇ ಹೋಗಿ ನಿಂತು, ಜಲವರ್ಣವನ್ನು ತೈಲವರ್ಣದಷ್ಟು ದಟ್ಟವಾಗಿ ಹಚ್ಚಿ ಮರಗಳನ್ನೇ ಬಿಡಿಸಿದರು. ಇವರನ್ನು ಫ್ರಾನ್ಸಿನ ಇಂಪ್ರೆಷನಿಸ್ಟರಿಗೆ ಹೋಲಿಸುವುದು ವಾಡಿಕೆ. ಆ ಮರಗಳನ್ನು, ಒಂದು ಮುಗಿಯುತ್ತಲೇ ಇನ್ನೊಂದು ಅರಳುವಂತೆ, ಯೋಜನೆ ಹಾಕಿ ಬೀದಿಗಳಲ್ಲಿ ನೆಡಿಸಿದವನು ಕ್ಯಾಮರನ್ ನಂತರ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್. ಗುಂಡಿ ತೋಡಿ, ಸಸಿ ನೆಟ್ಟು, ನೀರು ಹಾಕಿದವರ ಹಾಜರಿ ಪುಸ್ತಕ ಎಲ್ಲಾದರೂ ಉಳಿದಿದೆಯೇ ಎಂದು ಕೇಳಿಕೊಂಡು ಮುಂದಿನ ವಾರ ಲಾಲ್‌ಬಾಗಿನ ಗ್ರಂಥಾಲಯಕ್ಕೆ ಹೋಗಬೇಕು. ಚೆಲುವಯ್ಯ ರಾಜು ಅವರ ಸಂಬಳ ಬರೆದಿಟ್ಟ ಪುಸ್ತಕವೂ ಅದರ ಜೊತೆಗೇ ಇರಬಹುದು.